ಮಿಯಾಟಾ ಟಾಪ್ ನಾವೇ ಬದಲಾಯಿಸಬಹುದಾ?

ಹಳೆಯ ಮಾಜ್ದಾ ಮಿಯಾಟಾ, ಅಂದರೆ ಮೇಲಿನ ಚಾವಣಿಯನ್ನು (ಅದೇ ‘ಟಾಪ್’) ಮಡಚಿ ಇಳಿಸುವ ಕಾರು, ಇಟ್ಟುಕೊಂಡವರಿಗೆ ಬರುವ ಪ್ರಶ್ನೆಗಳು ಎರಡೇ. ಒಂದು, ‘ಮಕ್ಕಳು ಎಲ್ಲಿ ಕೂರ್ತಾರೆ?’ ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ, ಕಾರಿಗಿರುವುದೇ ಎರಡು ಸೀಟು. ಇನ್ನೊಂದನ್ನು ಕೇಳುವವರು ಇಲ್ಲಿ ಅಮೆರಿಕದಲ್ಲಿ ಆಸೆಪಟ್ಟು ಈ ಕಾರು ಕೊಂಡ ನಮ್ಮ ಕನ್ನಡದ ಗೆಳೆಯರು. ಚಳಿ ಮುಗಿದು ಮಳೆ ಶುರುವಾದರೆ ಸಾಕು, ಫೋನ್ ಬರುತ್ತದೆ: ‘ಟಾಪ್ ಹರಿದಿದೆ, ಒಳಗೆಲ್ಲ ನೀರು. ಹೊಸದನ್ನು ನಾವೇ ಹಾಕಿಕೊಳ್ಳಬಹುದಾ, ಇಲ್ಲಾ ಅಂಗಡಿಗೆ ಕೊಡಬೇಕಾ?’

ಹಾಕಿಕೊಳ್ಳಬಹುದು. ಆದರೆ ಟಾಪ್ ಆರ್ಡರ್ ಮಾಡುವ ಮುಂಚೆ ಒಂದು ಲೋಟ ನೀರು ತಗೊಂಡು ಕಾರಿನ ಹತ್ತಿರ ಹೋಗಿ.

ನಾನು ಹೇಳುತ್ತಿರುವುದು ಮೊದಲ ತಲೆಮಾರಿನ ಮಿಯಾಟಾ ಬಗ್ಗೆ. 1989ರಲ್ಲಿ ಷಿಕಾಗೋ ಆಟೋ ಶೋನಲ್ಲಿ ತೋರಿಸಿ, 1997ರವರೆಗೆ ಮಾಡಿದ ಕಾರು. ಮೇಲೆದ್ದು ಮುಚ್ಚಿಕೊಳ್ಳುವ ದೀಪದ ಕಣ್ಣುಗಳಿಂದ ಯಾರಾದರೂ ಗುರುತು ಹಿಡಿಯುತ್ತಾರೆ. ಇದರ ಟಾಪ್‌ಗೆ ಮೋಟಾರ್ ಇಲ್ಲ. ಸಿಗ್ನಲ್‌ನಲ್ಲಿ ಕೂತಲ್ಲಿಂದಲೇ ಒಂದು ಕೈಯಲ್ಲಿ ಹಿಂದಿನಿಂದ ಎಳೆದು ಮುಚ್ಚಬಹುದು. ಇದಕ್ಕಿಂತ ಸರಳವಾದ ಟಾಪ್ ಇರುವ ಕಾರು ಕಡಿಮೆ. ಅದಕ್ಕೇ ‘ನಾವೇ ಮಾಡಬಹುದು’ ಅಂತ ಧೈರ್ಯವಾಗಿ ಹೇಳುತ್ತಿದ್ದೇನೆ.

ಈಗ ನೀರಿನ ವಿಷಯ. ಟಾಪ್ ಮೇಲೆ ಬಿದ್ದ ಮಳೆ ಹಿಂದಿನ ಕಿಟಕಿಯ ಮೇಲಿಂದ ಇಳಿದು, ಬಟ್ಟೆ ಕಾರಿನ ಬಾಡಿಗೆ ಸೇರುವ ಜಾಗಕ್ಕೆ ಬರುತ್ತದೆ. ಅಲ್ಲಿ ಬಟ್ಟೆಯ ಅಡಿಯಲ್ಲಿ ಒಂದು ಉದ್ದನೆಯ ಪ್ಲಾಸ್ಟಿಕ್ ಪಟ್ಟಿ ಇದೆ. ರೇನ್ ರೇಲ್ ಅನ್ನುತ್ತಾರೆ. ಹೆಂಚಿನ ಮನೆಯ ಸೂರಿಗೆ ಕಟ್ಟುವ ದೋಣಿಯ ಕೆಲಸವೇ ಇದರದ್ದು. ನೀರನ್ನು ಹಿಡಿದು ಎರಡೂ ಪಕ್ಕಕ್ಕೆ ಹರಿಸಿ, ಸೀಟ್ ಬೆಲ್ಟ್ ಸಿಕ್ಕಿಸಿದ ಕಂಬಗಳ ಹಿಂದಿರುವ ತೂತುಗಳಿಗೆ ಬಿಡುತ್ತದೆ. ಅಲ್ಲಿಂದ ಪೈಪಿನಲ್ಲಿ ಇಳಿದು ಹಿಂದಿನ ಚಕ್ರದ ಮುಂದೆ, ಕಾರಿನ ಅಡಿಯಿಂದ ಹೊರಗೆ ಹೋಗುತ್ತದೆ.

ಮೂವತ್ತು ವರ್ಷ ಮರದಡಿ ನಿಂತ ಕಾರಿನ ಈ ಪೈಪಿನಲ್ಲಿ ಏನಿರುತ್ತದೆ? ಎಲೆ, ಪೈನ್ ಸೂಜಿ, ಮಣ್ಣು. ಕೆಲವರ ಕಾರಿನಲ್ಲಿ ಗಿಡವೇ ಮೊಳೆತಿರುತ್ತದೆ. ದಾರಿ ಕಟ್ಟಿಕೊಂಡರೆ ನೀರು ತುಂಬಿ, ಉಕ್ಕಿ, ಸೀಟಿನ ಹಿಂದಿನ ಕಾರ್ಪೆಟ್ ಮೇಲೆ ಇಳಿಯುತ್ತದೆ. ಅಲ್ಲಿಂದ ಕಾಲಡಿಗೆ. ಬಾಗಿಲ ಕೆಳಗಿನ ತೊಲೆ, ಹಿಂದಿನ ಚಕ್ರದ ಹತ್ತಿರ, ಒಳಗಿನಿಂದ ತುಕ್ಕು ಹಿಡಿಯಲು ಇದೂ ಒಂದು ಕಾರಣ. ಅಮೆರಿಕದ ಈ ಮಿಯಾಟಾಗಳಲ್ಲಿ ಇಂಜಿನ್ ಕಂಪ್ಯೂಟರ್ ಇರುವುದು ಪಕ್ಕದ ಸೀಟಿನವರ ಕಾಲಡಿಯ ಕಾರ್ಪೆಟ್ ಕೆಳಗೆ ಅನ್ನುವುದನ್ನೂ ನೆನಪಿಡಿ. ಟಾಪ್‌ಗಿಂತ ಅದು ದುಬಾರಿ ತಲೆನೋವು.

ಇದು ಬಟ್ಟೆಯ ತಪ್ಪಲ್ಲ. ಆದರೂ ಎಲ್ಲರ ಕಣ್ಣಿಗೆ ಬೀಳುವುದು ಹರಿದ ಬಟ್ಟೆಯೇ. ಗೆಳೆಯರೊಬ್ಬರು ಅಂಗಡಿಯಲ್ಲಿ ಒಳ್ಳೆಯ ಟಾಪ್ ಹಾಕಿಸಿದರು. ಹೊಲಿಗೆ ನೋಡಲು ಚೆನ್ನಾಗಿತ್ತು. ಮುಂದಿನ ಮಳೆಗೆ ಕಾಲಡಿ ಮತ್ತೆ ಕೆಸರು. ಅಂಗಡಿಯವರು ಹೇಳಿದ ಕೆಲಸ ಮಾಡಿದ್ದರು, ಪೈಪ್ ನೋಡಿ ಅಂತ ಯಾರೂ ಹೇಳಿರಲಿಲ್ಲ. ನೀವೇ ಮಾಡಿ ಅಂತ ನಾನು ಹೇಳುವುದಕ್ಕೆ ಕೂಲಿ ಉಳಿಯುವುದಕ್ಕಿಂತ ಇದೇ ದೊಡ್ಡ ಕಾರಣ. ಟಾಪ್ ಬಿಚ್ಚಿದಾಗ ಮಾತ್ರ ಈ ಜಾಗ ಪೂರ್ತಿ ಕಾಣುತ್ತದೆ.

ಆ ಲೋಟದ ನೀರನ್ನು ತೂತಿಗೆ ನಿಧಾನಕ್ಕೆ ಸುರಿಯಿರಿ. ಇನ್ನೊಬ್ಬರು ಬಗ್ಗಿ ಕೆಳಗೆ ನೋಡಲಿ. ಸರಾಗವಾಗಿ ಬಂದರೆ ಸರಿ. ತೊಟ್ಟಿಕ್ಕಿದರೆ ಅಥವಾ ಬಾರದೇ ಹೋದರೆ ಮೊದಲು ಅದನ್ನು ಬಿಡಿಸಿ. ಗಟ್ಟಿ ತಂತಿ ತುರುಕಬೇಡಿ, ಪೈಪ್ ಕೆಳಗೆ ಕಳಚಿಕೊಳ್ಳುತ್ತದೆ. ಹುಲ್ಲು ಕತ್ತರಿಸುವ ಟ್ರಿಮ್ಮರ್‌ನ ದಪ್ಪ ನೈಲಾನ್ ದಾರ ಇದಕ್ಕೆ ಹೇಳಿ ಮಾಡಿಸಿದ್ದು.

ಇನ್ನು ಯಾವ ಟಾಪ್? ಕಾರಿನ ಜೊತೆ ಬಂದಿದ್ದು ಹೆಚ್ಚಾಗಿ ವಿನೈಲ್, ರೆಕ್ಸಿನ್ ಥರದ್ದು. ಒರೆಸುವುದು ಸುಲಭ, ಬೆಲೆ ಕಡಿಮೆ. ಚಳಿಯಲ್ಲಿ ಬಿರುಸಾಗುತ್ತದೆ. ಬಟ್ಟೆಯ ಟಾಪ್‌ನಲ್ಲಿ ಮೂರು ಪದರ ಇರುತ್ತದೆ: ಹೊರಗೆ ಅಕ್ರಿಲಿಕ್ ನೇಯ್ಗೆ, ನಡುವೆ ರಬ್ಬರ್, ಒಳಗೆ ಇನ್ನೊಂದು ನೇಯ್ಗೆ. ನೀರು ತಡೆಯುವುದು ಆ ರಬ್ಬರ್. ಮ್ಯಾಸಚೂಸೆಟ್ಸ್‌ನ ಹಾರ್ಟ್ಜ್ ಕಂಪನಿಯ ಸ್ಟೇಫಾಸ್ಟ್ ಇಂಥದ್ದು. ಒಳಗೆ ಸದ್ದು ಸ್ವಲ್ಪ ಕಡಿಮೆ, ನೋಡಲೂ ಚಂದ. ದುಡ್ಡಿದ್ದರೆ ಬಟ್ಟೆಯನ್ನೇ ತಗೊಳ್ಳಿ. ಇಲ್ಲದಿದ್ದರೆ ವಿನೈಲ್ ಹಾಕಿದ್ದಕ್ಕೆ ಬೇಜಾರು ಬೇಡ, ಜಪಾನಿನವರೂ ಅದನ್ನೇ ಹಾಕಿ ಕಳಿಸಿದ್ದರು.

ಹಿಂದಿನ ಕಿಟಕಿ ಬಗ್ಗೆ ಮಾತ್ರ ನನ್ನದು ಗಟ್ಟಿ ಅಭಿಪ್ರಾಯ. ಈ ಕಾರಿಗೆ ಬಂದಿದ್ದು ಜಿಪ್ ಇರುವ ಪ್ಲಾಸ್ಟಿಕ್ ಕಿಟಕಿ. ಟಾಪ್ ಇಳಿಸುವ ಮುಂಚೆ ಜಿಪ್ ಬಿಚ್ಚಿ ಅದನ್ನು ಚಪ್ಪಟೆಯಾಗಿ ಮಲಗಿಸಬೇಕು. ಯಾರೂ ಮಾಡುವುದಿಲ್ಲ. ಹಾಗೇ ಮಡಚಿ ಮಡಚಿ, ಒಂದು ಚಳಿಯ ಬೆಳಗ್ಗೆ ಸೀಳುತ್ತದೆ. ಎರಡನೇ ತಲೆಮಾರಿನಲ್ಲಿ ಮಾಜ್ದಾದವರು ಗಾಜು ಹಾಕಿದರು, ಗಾಜಿರುವ ಟಾಪ್ ಹಳೆಯ ಕಾರಿನಲ್ಲಿ ಟಾಪ್ ಹೊತ್ತಿರುವ ಮಡಚುವ ಫ್ರೇಮಿಗೂ ಕೂರುತ್ತದೆ. ಗಾಜು ಪ್ಲಾಸ್ಟಿಕ್‌ಗಿಂತ ಚಿಕ್ಕದು. ಆದರೆ ಹತ್ತು ವರ್ಷದ ಮೇಲೂ ಅದರಲ್ಲಿ ಹಿಂದಿನ ಕಾರು ಕಾಣುತ್ತದೆ. ನಾನಾದರೆ ಗಾಜು. ಮಂಜು ಕರಗಿಸುವ ತಂತಿ ಬೇಕಾದರೆ ಅದಕ್ಕೆ ಬೇರೆ ವೈರ್ ಎಳೆಯಬೇಕು, ಅಷ್ಟೇ. ಕೊಳ್ಳುವಾಗ ರೇನ್ ರೇಲ್ ಸೇರಿಸಿಯೇ ಬರುವ ಟಾಪ್ ಕೇಳಿ. ಹಳೆಯ ರೇಲ್ ಬಿಚ್ಚುವಾಗಲೇ ಪಟಪಟ ಮುರಿಯುತ್ತದೆ.

ಊರಿನಲ್ಲಿ ಜೀಪಿನ ಟಾಪ್ ಹರಿದರೆ ಕುಶನ್ ಅಂಗಡಿಗೆ ಹೋಗುತ್ತೇವೆ, ಅವರು ಅಳತೆ ತಗೊಂಡು ಅಲ್ಲೇ ಹೊಲಿದು ಕೊಡುತ್ತಾರೆ. ‘ಜೆ.ಸಿ. ರೋಡಿನಲ್ಲಾಗಿದ್ದರೆ ಸಾಯಂಕಾಲದೊಳಗೆ ಮುಗೀತಿತ್ತು’ ಅಂತ ನಿಟ್ಟುಸಿರು ಬಿಡುವವರು ಇಲ್ಲಿ ಬೇಕಾದಷ್ಟು ಜನ. ಮಿಯಾಟಾಗೆ ಆ ಹೊಲಿಗೆಯೇ ಬೇಕಿಲ್ಲ. ಟಾಪ್ ಹೊಲಿದೇ ಬರುತ್ತದೆ. ನಮ್ಮ ಕೆಲಸ ಬಿಚ್ಚುವುದು, ಕೂರಿಸುವುದು.

ಬಿಸಿಲಿರುವ ಎರಡು ದಿನ ನೋಡಿಕೊಳ್ಳಿ. ಇದರಲ್ಲಿ ರಾಜಿ ಬೇಡ. ಚಳಿಯಲ್ಲಿ ಬಟ್ಟೆ ಎಳೆಯಲು ಬರುವುದಿಲ್ಲ, ಒಳಗಿನ ಪ್ಲಾಸ್ಟಿಕ್ ಕ್ಲಿಪ್‌ಗಳು ಮುರಿಯುತ್ತವೆ. ಹೊಸ ಟಾಪನ್ನು ಡಬ್ಬದಿಂದ ತೆಗೆದು ಬಿಸಿಲಿಗೆ ಹರಡಿ, ಮಡಿಕೆಗಳೆಲ್ಲ ಹೋಗಲಿ. ಅಷ್ಟರಲ್ಲಿ ನೀವು ಸೀಟಿನ ಹಿಂದಿನ ಕಾರ್ಪೆಟ್ ಎಬ್ಬಿಸಿ. ಬಟ್ಟೆಯನ್ನು ಹಿಂದೆ ಒತ್ತಿ ಹಿಡಿದಿರುವ ಮೂರು ಲೋಹದ ಪಟ್ಟಿಗಳು ಕಾಣುತ್ತವೆ. ಅವುಗಳ ನಟ್‌ಗಳಿಗೆ 10 ಎಂ.ಎಂ. ಸಾಕೆಟ್ ಬೇಕು. ಮೂಲೆಯ ನಟ್ ಬಿಚ್ಚುವಾಗ ಕೈ ಗೀರುತ್ತದೆ, ಬೈಗುಳ ಬರುತ್ತದೆ. ಅದೂ ಕೆಲಸದ ಭಾಗವೇ.

ಆಮೇಲೆ ಫ್ರೇಮ್ ಸಮೇತ ಹೊರಗೆ ತೆಗೆಯಿರಿ. ಕಾರಿನಲ್ಲೇ ಇಟ್ಟುಕೊಂಡೂ ಮಾಡುತ್ತಾರೆ. ಆದರೆ ಮೇಜಿನ ಮೇಲೆ ಬೆನ್ನು ನೆಟ್ಟಗೆ ಇಟ್ಟುಕೊಂಡು ಮಾಡುವ ಸುಖವೇ ಬೇರೆ. ಎತ್ತಲು ಇಬ್ಬರು ಬೇಕು. ಬಿಚ್ಚುವ ಮುಂಚೆ ಫೋನಿನಲ್ಲಿ ಎಲ್ಲ ಕಡೆಯಿಂದ ಫೋಟೋ ತೆಗೆದಿಡಿ. ಹಳೆಯ ರಿವೆಟ್‌ಗಳನ್ನು ಡ್ರಿಲ್ ಮಾಡಿ ತೆಗೆಯಬೇಕು. ಬಾಗಿಲ ಕಿಟಕಿಯ ಮೇಲ್ಭಾಗದಲ್ಲಿ, ಎರಡೂ ಕಡೆ, ಬಟ್ಟೆಯ ತೋಳಿನೊಳಗೆ ಒಂದೊಂದು ಸಣ್ಣ ಕೇಬಲ್ ಇದೆ. ಓಡುವಾಗ ಗಾಳಿಗೆ ಟಾಪ್ ಉಬ್ಬದಂತೆ ಬಿಗಿಯಾಗಿ ಹಿಡಿಯುವುದು ಅದೇ. ಅದನ್ನು ಹೊಸ ಬಟ್ಟೆಯ ತೋಳಿನೊಳಗೆ ಎಳೆದುಕೊಳ್ಳಲು ತುದಿಗೆ ಒಂದು ದಾರ ಕಟ್ಟಿಕೊಳ್ಳಿ. ಇನ್ನು ಹಳೆಯ ಟಾಪನ್ನು ಕಸಕ್ಕೆ ಎಸೆಯುವ ಆತುರ ಬೇಡ. ಯಾವ ಅಂಚು ಎಲ್ಲಿ ಮಡಚಿತ್ತು ಅಂತ ಅನುಮಾನ ಬಂದಾಗ ಅದನ್ನೇ ನೋಡಬೇಕು.

ಕೂರಿಸುವಾಗ ನಿಯಮ ಒಂದೇ, ನಡುವಿನಿಂದ ಪಕ್ಕಕ್ಕೆ. ಬಟ್ಟೆಯ ನಡುಭಾಗಕ್ಕೂ ಫ್ರೇಮಿನ ನಡುಭಾಗಕ್ಕೂ ಚಾಕ್‌ಪೀಸ್ ಗುರುತು ಹಾಕಿ. ಮುಂದಿನ ಅಂಚಿಗೆ ಅಂಟು ಹಚ್ಚುವ ಮುಂಚೆ ಸುಮ್ನೆ ಒಮ್ಮೆ ಮುಚ್ಚಿ ನೋಡಿ. ಅಂಟು ಹಿಡಿದ ಮೇಲೆ ತಿದ್ದುವುದು ಕಷ್ಟ.

ಹೊಸ ಟಾಪ್ ಮುಂದಿನ ಗಾಜಿನವರೆಗೆ ಮುಟ್ಟುವುದೇ ಇಲ್ಲ ಅನ್ನಿಸುತ್ತದೆ. ಗಾಬರಿ ಬೇಡ. ಟಾಪನ್ನು ಮುಂದಿನ ಗಾಜಿನ ಅಂಚಿಗೆ ಬಿಗಿಯುವ ಎರಡು ಲ್ಯಾಚ್‌ಗಳನ್ನು ತಿರುಗಿಸಿ ಸಡಿಲ ಮಾಡಬಹುದು. ಸಡಿಲ ಮಾಡಿ, ಒಬ್ಬರು ಹೊರಗಿನಿಂದ ಒತ್ತಿ ಹಿಡಿದು, ಇನ್ನೊಬ್ಬರು ಒಳಗಿನಿಂದ ಹಾಕಿ. ಒಂದು ವಾರವಾದರೂ ಮುಚ್ಚಿಯೇ ಇಡಿ, ಬಿಸಿಲಿನಲ್ಲಿ ನಿಲ್ಲಿಸಿ. ಬಟ್ಟೆ ಹಿಗ್ಗುತ್ತಾ ಬಂದ ಹಾಗೆ ಲ್ಯಾಚ್ ಸ್ವಲ್ಪ ಸ್ವಲ್ಪ ಬಿಗಿ ಮಾಡಿ. ಇಷ್ಟೆಲ್ಲ ಆದ ಮೇಲೂ ಬಾಗಿಲ ಕಿಟಕಿಯ ಮುಂದಿನ ಮೂಲೆಯಲ್ಲಿ ಹನಿ ಬಂದರೆ ಟಾಪ್ ಬಿಚ್ಚಬೇಡಿ, ಅಲ್ಲಿನ ರಬ್ಬರ್ ಬೀಡಿಂಗ್ ನೋಡಿ. ಒಂದು ಕಾಗದದ ಚೂರು ಇಟ್ಟು ಗಾಜು ಏರಿಸಿ ಎಳೆಯಿರಿ. ಸಲೀಸಾಗಿ ಬಂತು ಅಂದರೆ ಆ ಬೀಡಿಂಗ್ ಗಾಜನ್ನು ಒತ್ತುತ್ತಿಲ್ಲ, ಅದನ್ನಷ್ಟೇ ಹೊಸದು ತರಿಸಿ.