ಕಲ್ಲುಹೂವಿನ ಗುಲಾಬಿ ಎಲ್ಲಿ ಹೋಯಿತು? – ನಾಲ್ಕನೇ ವಾರ

ನನ್ನ ಫೋಟೋಗಳಿಂದ ಗುಲಾಬಿ ಬಣ್ಣ ಕದ್ದ ಕಳ್ಳ ಕೊನೆಗೂ ಸಿಕ್ಕಿಬಿದ್ದ. ಹಿಡಿದುಕೊಟ್ಟಿದ್ದು ನಾನಲ್ಲ, ಅಮ್ಮ.

ತೋಟದ ಅಂಚಿನ ಹಲಸಿನ ಮರದ ಮೇಲೆ ಅಂಗೈಯಗಲದ ಕಲ್ಲುಹೂವು (ಶಿಲೀಂಧ್ರ, ಶೈವಲ ಒಟ್ಟಿಗೆ ಬಾಳುವ ಲೈಕನ್) ಇದೆ. ಧನುರ್ಮಾಸದ ಬೆಳಿಗ್ಗೆ, ಬಿಸಿಲು ಇನ್ನೂ ಅಡಿಕೆ ಮರಗಳ ತಲೆಯಲ್ಲೇ ಇರುವಾಗ, ಅದರ ಬೂದುಬಣ್ಣದೊಳಗೆ ತೆಳ್ಳಗೆ ಗುಲಾಬಿ ಕಾಣುತ್ತದೆ. ಅದೂ ನನ್ನ ಕಣ್ಣಿಗೆ. ಕ್ಯಾಮೆರಾಕ್ಕೆ ಬರೀ ಬೂದಿ. 100 ಎಂಎಂ ಮ್ಯಾಕ್ರೋ, ಎಫ್/8, 24 ಫ್ರೇಮಿನ ಸ್ಟ್ಯಾಕ್ (ಫೋಕಸ್ ಸರಿಸುತ್ತಾ ತೆಗೆದು ಒಂದಾಗಿ ಸೇರಿಸುವ ಚಿತ್ರಗಳು), ರಾ ಫೈಲು, ಎಲ್ಲಾ ಮಾಮೂಲು. ಫೋಕಸ್ಸಿನಲ್ಲಿ ಕೂದಲೆಳೆಯಷ್ಟೂ ತಪ್ಪಿಲ್ಲ. ಗುಲಾಬಿ ಮಾತ್ರ ನಾಪತ್ತೆ.

ಮೊದಲ ಅನುಮಾನ ವೈಟ್ ಬ್ಯಾಲೆನ್ಸ್ ಮೇಲೆ, ಅಂದರೆ ಬೆಳಕಿನ ಬಣ್ಣಕ್ಕೆ ತಕ್ಕಂತೆ ಕ್ಯಾಮೆರಾ ಮಾಡಿಕೊಳ್ಳುವ ಹೊಂದಾಣಿಕೆಯ ಮೇಲೆ. ಅದನ್ನು ಸರಿಹೊಂದಿಸಲು ಆನ್‌ಲೈನಿನಲ್ಲಿ '18 ಪರ್ಸೆಂಟ್' ಗ್ರೇ ಕಾರ್ಡ್ ತರಿಸಿದೆ. ಸಂಶಯ ಬಂದು ಬೇರೆ ಕಡೆಯಿಂದ ಇನ್ನೊಂದು ತರಿಸಿದೆ. ಒಂದೇ ನೆರಳಲ್ಲಿ ಪಕ್ಕಪಕ್ಕ ಇಟ್ಟರೆ ಒಂದು 6400 ಕೆಲ್ವಿನ್ (ಬೆಳಕಿನ ಬಣ್ಣದ ಅಳತೆ) ಅನ್ನುತ್ತದೆ, ಇನ್ನೊಂದು 7100. ಅಲ್ಲ ಸ್ವಾಮಿ, ಬೂದು ಕಾರ್ಡಿಗೆ ಇರುವುದೇ ಒಂದು ಕೆಲಸ! ಮಾರಿದವರಿಗೆ ಬರೆದರೆ, 'ಸ್ಕ್ರೀನಿನಲ್ಲಿ ಬಣ್ಣ ಸ್ವಲ್ಪ ಬೇರೆ ಕಾಣಬಹುದು' ಎಂಬ ಉತ್ತರ ಬಂತು. ಕಡೆಗೆ ಊರಿನ ಹಾರ್ಡ್‌ವೇರ್ ಅಂಗಡಿಯಿಂದ 20 ರೂಪಾಯಿಯ ಟೆಫ್ಲಾನ್ ಟೇಪ್ ತಂದು, ರಟ್ಟಿನ ಮೇಲೆ ಹತ್ತು ಸುತ್ತು ಸುತ್ತಿದೆ. ನಲ್ಲಿಗೆ ಸುತ್ತುವ ಅದೇ ಟೇಪು. ಎಲ್ಲ ಬಣ್ಣದ ಬೆಳಕನ್ನೂ ಹೆಚ್ಚುಕಡಿಮೆ ಸಮನಾಗಿ ಹಿಂದಕ್ಕೆ ಕಳಿಸುತ್ತದೆ. ಬ್ಯಾಲೆನ್ಸ್ ಸರಿಹೋಯಿತು. ಬೂದಿ ಇನ್ನೂ ಅಪ್ಪಟ ಬೂದಿಯಾಯಿತು.

ಎರಡನೆಯ ಅನುಮಾನ ಇಬ್ಬನಿಯ ಮೇಲೆ. ಕಲ್ಲುಹೂವು ನೆಂದಾಗ ಮೇಲಿನ ಶಿಲೀಂಧ್ರದ ಪದರ ಪಾರದರ್ಶಕವಾಗಿ ಒಳಗಿನ ಶೈವಲದ ಹಸಿರು ಹೊರಗೆ ಕಾಣುತ್ತದೆ. ಒಣಗಿದಂತೆ ಬೂದಿಗೆ ತಿರುಗುತ್ತದೆ. ಈ ನಡುವೆ ಎಲ್ಲೋ ಗುಲಾಬಿ ಹಾದುಹೋಗುತ್ತಿರಬೇಕು ಅಂದುಕೊಂಡು ಏಳರಿಂದ ಒಂಬತ್ತೂವರೆವರೆಗೆ ಕಾಲು ಗಂಟೆಗೊಂದು ಸ್ಟ್ಯಾಕ್ ತೆಗೆದೆ. ಸಿಕ್ಕಿದ್ದು ನೆಗಡಿ, ಜೊತೆಗೆ ಎರಡು ಉಂಬಳದ ಕಡಿತ.

(ಕಲ್ಲುಹೂವು ಅಂದಾಗ ನೆನಪಾಯಿತು: ಕೆಲವು ಜಾತಿಯವು 365 ನ್ಯಾನೊಮೀಟರಿನ ಯುವಿ ಟಾರ್ಚಿಗೆ ಹಳದಿಯಾಗಿ ಹೊಳೆಯುತ್ತವೆ. ಟಾರ್ಚ್ ಆರ್ಡರ್ ಮಾಡಿಯಾಗಿದೆ. ಶಿವರಾತ್ರಿಯೊಳಗೆ ರಾತ್ರಿ ತೋಟದಲ್ಲಿ ಒಂದು ಸುತ್ತು ಹಾಕಬೇಕು. ಮನೆಯಲ್ಲಿ ಇನ್ನೂ ಹೇಳಿಲ್ಲ.)

ಪ್ರಿಂಟ್ ಹಾಕಿಸಿ ಅಮ್ಮನ ಮುಂದೆ ಗೊಣಗುತ್ತಿದ್ದೆ. ಅಮ್ಮ ಅಕ್ಕಿ ಆರಿಸುತ್ತಲೇ ಹೇಳಿದಳು: "ಬ್ಲೌಸ್ ಪೀಸ್ ಒಂದನ್ನೇ ಎತ್ತಿ ಹಿಡಿದ್ರೆ ಬಣ್ಣ ಎಲ್ಲಿ ಗೊತ್ತಾಗತ್ತೆ ಮಾರಾಯ? ಸೀರೆ ಪಕ್ಕ ಇಟ್ಟು ನೋಡ್ಬೇಕು."

ಸೀರೆ ಅಂದರೆ ಸುತ್ತಲಿನ ಪಾಚಿ! ಮ್ಯಾಕ್ರೋ ಹುಚ್ಚಿನಲ್ಲಿ ಹತ್ತಿರ ಹತ್ತಿರ ಹೋಗಿ ಹಸಿರನ್ನೆಲ್ಲ ಫ್ರೇಮಿನಿಂದ ಹೊರಗೆ ಹಾಕಿದ್ದೆ. ಸುತ್ತ ಹಸಿರಿದ್ದರೆ ಕಣ್ಣು ನಡುವಿನ ಬೂದಿಗೆ ಅದರ ಎದುರು ಬಣ್ಣವಾದ ಗುಲಾಬಿಯನ್ನು ತಾನೇ ಬಳಿಯುತ್ತದೆ. ಪ್ಯಾರಿಸ್ಸಿನ ಗೊಬೆಲಿನ್ ನೇಯ್ಗೆಶಾಲೆಯಲ್ಲಿ ಬಣ್ಣದ ವಿಭಾಗ ನೋಡಿಕೊಳ್ಳುತ್ತಿದ್ದ ಶೆವ್ರಲ್ ಎಂಬ ರಸಾಯನಶಾಸ್ತ್ರಜ್ಞನಿಗೆ, ಕಪ್ಪು ನೂಲು ಸರಿಯಿಲ್ಲ ಎಂಬ ದೂರು ಬಂದಿತ್ತಂತೆ. ನೂಲು ಸರಿಯಾಗೇ ಇತ್ತು, ಕೆಡಿಸಿದ್ದು ಪಕ್ಕದ ಬಣ್ಣ. 1839ರಲ್ಲಿ ಅವನು ಇದರ ಮೇಲೆ ದೊಡ್ಡ ಪುಸ್ತಕವನ್ನೇ ಬರೆದ. ಅಮ್ಮನಿಗೆ ಒಂದು ವಾಕ್ಯ ಸಾಕಾಯಿತು.

ಮರುದಿನ ಟ್ರೈಪಾಡ್ ಒಂದು ಗೇಣು ಹಿಂದೆ ಸರಿಸಿ, ಫ್ರೇಮಿನ ಸುತ್ತ ಪಾಚಿ ಬಿಟ್ಟು ತೆಗೆದೆ. ಗುಲಾಬಿ ಬಂತು! ಐಡ್ರಾಪರ್ (ಚಿತ್ರದ ಒಂದು ಬಿಂದುವಿನ ಕೆಂಪು, ಹಸಿರು, ನೀಲಿ ಅಳೆಯುವ ಸಾಧನ) ಇಟ್ಟು ನೋಡಿದರೆ 141, 140, 141. ಅದೇ ಹಳೆಯ ಬೂದಿ. ಸ್ಯಾಚುರೇಶನ್ (ಬಣ್ಣದ ಗಾಢತೆ) ಮುಟ್ಟಿಲ್ಲ, ಆಣೆ.

ಹೊಸ ಪ್ರಿಂಟಿಗೆ ಅಮ್ಮ "ತಿಳಿ ನೇರಳೆ" ಅಂದಳು. ಹೆಂಡತಿ "ಇಟ್ಟಿಗೆ ಪುಡಿ ಕಲಸಿದ ವಿಭೂತಿ" ಅಂದಳು. ಗೆಳೆಯನಿಗೆ ಫೋನಿಗೆ ಕಳಿಸಿದೆ. "ಪಾಚಿ ಬಹಳ ಚೆನ್ನಾಗಿ ಬಂದಿದೆ, ಮಧ್ಯದ ಸಿಮೆಂಟ್ ಕಲೆ ತೆಗೆದುಬಿಡು" ಎಂದು ಬರೆದ. ಪರದೆಯನ್ನು ಹಳದಿ ಮಾಡುವ ನೈಟ್ ಮೋಡ್ ಆಫ್ ಮಾಡಿ ನೋಡು ಅಂದೆ. ಆಫೇ ಇದೆಯಂತೆ.