ಬೆಟ್ಸ್‌ನನ್ನು ಬಿಟ್ಟುಕೊಡಬಾರದಿತ್ತು

ಅಮೆರಿಕದ ಬೇಸ್‌ಬಾಲ್ ತಂಡ ಬಾಸ್ಟನ್ ರೆಡ್ ಸಾಕ್ಸ್ 2020ರ ಫೆಬ್ರವರಿಯಲ್ಲಿ ತನ್ನ ತಾರಾ ಆಟಗಾರ ಮೂಕಿ ಬೆಟ್ಸ್‌ನನ್ನು ಲಾಸ್ ಏಂಜಲೀಸ್‌ನ ಡಾಡ್ಜರ್ಸ್ ತಂಡಕ್ಕೆ ಕೊಟ್ಟಿದ್ದನ್ನು ನಾನು ಇವತ್ತಿಗೂ ಒಪ್ಪುವುದಿಲ್ಲ. 2018ರ ವರ್ಲ್ಡ್ ಸೀರೀಸ್ (ಬೇಸ್‌ಬಾಲ್ ಲೀಗ್‌ನ ವಾರ್ಷಿಕ ಫೈನಲ್) ಗೆಲ್ಲಿಸಿದವನು, ಅದೇ ವರ್ಷ ಅಮೆರಿಕನ್ ಲೀಗ್‌ನ ಎಂವಿಪಿ, ಅಂದರೆ ಅತ್ಯಮೂಲ್ಯ ಆಟಗಾರ. ಜೊತೆಗೆ ಪಿಚರ್ (ಚೆಂಡೆಸೆಯುವವ) ಡೇವಿಡ್ ಪ್ರೈಸ್ ಕೂಡ ಹೋದ. ಬದಲಿಗೆ ಬಂದವರು ವೆರ್ಡುಗೊ, ಡೌನ್ಸ್, ವಾಂಗ್ ಎಂಬ ಮೂವರು ಆಟಗಾರರು.

ಬೆಟ್ಸ್‌ನ ಒಪ್ಪಂದ ಮುಗಿಯಲು ಒಂದೇ ಸೀಸನ್ ಬಾಕಿ ಇತ್ತು, ಲಕ್ಷುರಿ ಟ್ಯಾಕ್ಸ್ (ಸಂಬಳದ ಮಿತಿ ಮೀರಿದ ತಂಡ ಕಟ್ಟಬೇಕಾದ ತೆರಿಗೆ) ಹೊರೆಯೂ ಇತ್ತು, ನಿಜ. ಸಣ್ಣ ಊರಿನ ತಂಡವಾಗಿದ್ದರೆ ಅರ್ಥ ಮಾಡಿಕೊಳ್ಳಬಹುದಿತ್ತು. ಫೆನ್ವೇ ಪಾರ್ಕ್‌ನಂಥ ಹೆಸರಾಂತ ಮೈದಾನ ಇರುವ ತಂಡಕ್ಕೆ ದುಡ್ಡಿಲ್ಲ ಅಂದರೆ ನಂಬೋದು ಹೇಗೆ? ಅದೇ ಜುಲೈನಲ್ಲಿ ಡಾಡ್ಜರ್ಸ್ 12 ವರ್ಷಕ್ಕೆ 365 ಮಿಲಿಯನ್ ಡಾಲರ್ ಕೊಟ್ಟು ಅವನನ್ನು ಉಳಿಸಿಕೊಂಡಿತು. ಆ ವರ್ಷವೇ ವರ್ಲ್ಡ್ ಸೀರೀಸ್ ಗೆದ್ದಿತು.

ಟ್ರೇಡ್ (ತಂಡಗಳ ನಡುವೆ ಆಟಗಾರರ ಅದಲು-ಬದಲು) ಮಾಡಲೇಬಾರದು ಅಂತಲ್ಲ. 2016ರ ಕೊನೆಗೆ ಮೊಂಕಾಡಾ, ಕೋಪೆಕ್ ಅಂಥ ಎಳೆಯ ಪ್ರತಿಭೆಗಳನ್ನು ಕೊಟ್ಟು ಪಿಚರ್ ಕ್ರಿಸ್ ಸೇಲ್‌ನನ್ನು ತಂದರು. 2018ರ ಫೈನಲ್‌ನ ಕೊನೆಯ ಔಟ್ ಮಾಡಿದವನು ಅವನೇ! ನಾಳೆಯ ಹುಡುಗರನ್ನು ಕೊಟ್ಟು ಇವತ್ತಿನ ಗೆಲುವು ತರೋದು ಧೈರ್ಯ. ಕೈಯಲ್ಲಿರುವ ಚಿನ್ನವನ್ನು ಸಂಬಳ ಉಳಿಸೋಕೆ ಮಾರೋದು ಬೇರೆ, ಅಲ್ವಾ?

2025ರ ಜೂನ್‌ನಲ್ಲಿ ರೆಡ್ ಸಾಕ್ಸ್ ತನ್ನ ತಾರಾ ಬ್ಯಾಟರ್ ಡೆವರ್ಸ್‌ನನ್ನೂ ಜೈಂಟ್ಸ್ ತಂಡಕ್ಕೆ ಕಳಿಸಿದಾಗ ಹಳೆಯ ಸಂಕಟವೇ ಮರಳಿತು. ಆಗಸ್ಟ್‌ನಲ್ಲಿ ತಂಡದ ಯುವ ಆಟಗಾರ ರೋಮನ್ ಆಂಥೊನಿ ಜೊತೆ 8 ವರ್ಷದ ಒಪ್ಪಂದ ಆಯಿತು. ಈ ಹುಡುಗನನ್ನಾದರೂ ಉಳಿಸಿಕೊಳ್ಳಲಿ.