ಕೆಜಿಎಫ್‌ಗೆ 17 ಜನರ ಬ್ಯಾಂಡ್ ಕೇಳೋಕೆ ಹೋಗ್ತೀರಾ? ಮುಂದಿನ ಸಾಲಿನ ಟಿಕೆಟ್ ಮಾತ್ರ ಬೇಡ

ಡಿಸೆಂಬರಲ್ಲಿ ಅಪ್ಪನನ್ನು ಕರೆದುಕೊಂಡು ಕೆಜಿಎಫ್‌ಗೆ ಜಾಝ್ ನುಡಿಸುವ ದೊಡ್ಡ ಬ್ಯಾಂಡೊಂದನ್ನು ಕೇಳೋಕೆ ಹೋಗಿದ್ದೆ. ಮೊದಲು ಬಸ್ಸಿನ ವಿಷಯ ಹೇಳಿಬಿಡುತ್ತೇನೆ. ಬೆಂಗಳೂರಲ್ಲಿ ಒಂದು ಖಾಸಗಿ ಬಸ್ಸಿನವನು ‘ಕೆಜಿಎಫ್, ಕೆಜಿಎಫ್, ಡೈರೆಕ್ಟ್’ ಅಂತ ಕೂಗಿ ನಮ್ಮನ್ನು ಹತ್ತಿಸಿಕೊಂಡ. ಕೆಜಿಎಫ್‌ನ ರಾಬರ್ಟ್‌ಸನ್‌ಪೇಟೆವರೆಗಿನ ದುಡ್ಡೂ ತಗೊಂಡ. ಕೋಲಾರ ಬರುತ್ತಿದ್ದ ಹಾಗೆ ‘ಜನ ಇಲ್ಲ, ಮುಂದಕ್ಕೆ ಹೋಗಲ್ಲ, ಇಳ್ಕೊಳ್ಳಿ’ ಅಂದ. ಮಿಕ್ಕ ದುಡ್ಡು ಕೇಳಿದರೆ ಕ್ಲೀನರ್ ಕಡೆ ಕೈ ತೋರಿಸಿದ. ಕ್ಲೀನರ್ ಡ್ರೈವರ್ ಕಡೆ ತೋರಿಸಿದ. ಅಷ್ಟರಲ್ಲಿ ಬಸ್ಸು ತಿರುಗಿಸಿಕೊಂಡು ಹೊರಟೇ ಹೋಯಿತು. ಅಪ್ಪನಿಗೆ 68 ವರ್ಷ, ಮಂಡಿ ನೋವು ಬೇರೆ. ತುಮಕೂರಿಂದ ಬೆಳಗ್ಗೆ ತಿಂಡಿ ತಿಂದು ಹೊರಟವರು ಕೋಲಾರದಲ್ಲಿ ಇನ್ನೊಂದು ಬಸ್ಸು ಹಿಡಿದು ಬಂಗಾರಪೇಟೆ ಸೇರಿದಾಗ ನಾಲ್ಕೂವರೆ.

ಹಾಗಾಗಿ ನೀವು ಹೋಗೋದಾದರೆ ರೈಲಲ್ಲೇ ಹೋಗಿ. ಬೆಂಗಳೂರಿಂದ ಬಂಗಾರಪೇಟೆ ಮೇಲೆ ಮಾರಿಕುಪ್ಪಂವರೆಗೆ ರೈಲಿದೆ. ಕೋರಮಂಡಲ, ಊರ್ಗಾಂ, ಚಾಂಪಿಯನ್ ಅಂತ ಗಣಿ ಕಾಲದ ಹೆಸರಿನ ಸ್ಟೇಷನ್‌ಗಳೆಲ್ಲ ಅದೇ ಲೈನಲ್ಲಿವೆ. ಹೋಗೋ ಜಾಗಕ್ಕೆ ಯಾವುದು ಹತ್ತಿರ ಅಂತ ಮೊದಲೇ ಕೇಳಿಕೊಂಡು ಇಳಿಯಿರಿ.

ಬಂಗಾರಪೇಟೆಯಲ್ಲಿ ಮುಂದಿನ ಬಸ್ಸಿಗೆ ಕಾಯುವಾಗ ಪಾನಿಪುರಿ ತಿಂದೆವು. ಬೆಂಗಳೂರಲ್ಲಿ ‘ಬಂಗಾರಪೇಟೆ ಚಾಟ್ಸ್’ ಅಂತ ಬೋರ್ಡು ಹಾಕಿಕೊಂಡಿರುವ ಅಂಗಡಿ ನೂರಾರು ಇರಬಹುದು. ಊರಲ್ಲೇ ತಿನ್ನೋದು ಬೇರೆ. ಪಾನಿ ನೋಡಿದರೆ ಕುಡಿಯೋ ನೀರಿನ ಹಾಗೇ ತಿಳಿ. ಹಸಿರಿಲ್ಲ, ಕಂದಿಲ್ಲ, ತಳದಲ್ಲಿ ಏನೂ ಇಲ್ಲ. ಅಪ್ಪ ‘ಇದರಲ್ಲಿ ಏನೂ ಹಾಕೇ ಇಲ್ವಲ್ಲಮ್ಮ’ ಅಂದರು. ಬಾಯಿಗಿಟ್ಟ ಮರುಕ್ಷಣ ಕಣ್ಣಲ್ಲಿ ನೀರು. ಖಾರ ಮೂಗಿನವರೆಗೆ ಹತ್ತಿ, ಆಮೇಲೆ ನಿಧಾನಕ್ಕೆ ಹುಳಿ ಬರುತ್ತೆ. ಗಾಡಿಯವರು ಮೇಲೆ ಸಣ್ಣಗೆ ಹೆಚ್ಚಿದ ಈರುಳ್ಳಿ, ಕ್ಯಾರೆಟ್ ತುರಿ ಎಷ್ಟು ಕೇಳಿದರೂ ಮುಖ ಸಿಂಡರಿಸದೆ ಹಾಕಿದರು. ಎರಡು ಪ್ಲೇಟಿಗೆ ಎಂಬತ್ತು ರೂಪಾಯಿ. ಇನ್ನೊಂದು ಪ್ಲೇಟು ಹಂಚಿಕೊಂಡು ತಿಂದೆವು. ಮಂಡಿ ನೋವು, ಬಸ್ಸಿನವನ ಮೇಲಿನ ಸಿಟ್ಟು ಎರಡೂ ಅಪ್ಪನಿಗೆ ಅಲ್ಲೇ ಇಳಿಯಿತು. ಕ್ಯಾತ್ಸಂದ್ರದ ತಟ್ಟೆ ಇಡ್ಲಿ ಬಿಟ್ಟರೆ ಬೇರೆ ಯಾವುದನ್ನೂ ಹೊಗಳದ ಮನುಷ್ಯ ‘ಬರುವಾಗಲೂ ಇಲ್ಲೇ ಇಳಿಯೋಣ’ ಅಂದರು.

ಇಷ್ಟು ದೂರ ಹೋಗಿದ್ದು ಯಾಕೆ ಅಂದರೆ, ಅಪ್ಪ ತುಮಕೂರಲ್ಲಿ ಮೂವತ್ತು ವರ್ಷ ಮದುವೆ ಬ್ಯಾಂಡ್ ಸೆಟ್‌ನಲ್ಲಿ ಟ್ರಂಪೆಟ್ ಊದಿದವರು. ನನ್ನ ಫೋನಲ್ಲಿ ಅಮೆರಿಕದ ಜಾಝ್ ಸಂಗೀತಗಾರರಾದ ಡ್ಯೂಕ್ ಎಲಿಂಗ್ಟನ್, ಕೌಂಟ್ ಬೇಸಿ ಅವರ ಬ್ಯಾಂಡ್‌ಗಳ ಹಳೇ ವಿಡಿಯೋ ತೋರಿಸಿದಾಗಿಂದ ಅವರಿಗೆ ಒಂದೇ ಹಂಬಲ, ಇದನ್ನು ಎದುರಿಗೆ ಕೂತು ಕೇಳಬೇಕು. ಡಿಸೆಂಬರಲ್ಲಿ ಕೆಜಿಎಫ್‌ನ ಒಂದು ಹಳೇ ಹಾಲ್‌ನಲ್ಲಿ ಬಿಗ್ ಬ್ಯಾಂಡ್ ಸ್ವಿಂಗ್, ಅಂದರೆ ದೊಡ್ಡ ತಂಡ ಕುಣಿಯೋಕೆ ನುಡಿಸುವ ಜಾಝ್ ಕಾರ್ಯಕ್ರಮ ಇದೆ ಅಂತ ಪರಿಚಯದವರು ಹೇಳಿದ ಕೂಡಲೇ ಎರಡು ಟಿಕೆಟ್ ತಗೊಂಡೆ.

ಈ ಸಂಗೀತಕ್ಕೆ ಕೆಜಿಎಫ್ ಹೊಸ ಊರೇನಲ್ಲ. 1880ರಲ್ಲಿ ಚಿನ್ನದ ಗಣಿ ನಡೆಸೋಕೆ ಜಾನ್ ಟೇಲರ್ ಕಂಪನಿ ಬಂದ ಮೇಲೆ ಇಲ್ಲಿ ಇಂಗ್ಲಿಷರ, ಆಂಗ್ಲೋ ಇಂಡಿಯನ್ನರ ದೊಡ್ಡ ಬಳಗವೇ ಇತ್ತು. ಕ್ಲಬ್ಬು, ಡ್ಯಾನ್ಸು, ಕ್ರಿಸ್‌ಮಸ್ ಪಾರ್ಟಿ ಎಲ್ಲ ನಡೆಯುತ್ತಿತ್ತು. ಶಿವನಸಮುದ್ರದ ಕರೆಂಟು 1902ರಲ್ಲಿ ಮೊದಲು ಬಂದಿದ್ದು ಈ ಗಣಿಗೇ, ಬೆಂಗಳೂರಿಗೆ ಆಮೇಲೆ. 2001ರಲ್ಲಿ ಗಣಿ ಮುಚ್ಚಿತು. ಹಾಲ್‌ಗೆ ಹೋಗುವ ದಾರಿಯಲ್ಲಿ ಚಿನ್ನ ತೆಗೆದು ಸುರಿದ ಮಣ್ಣಿನ ಸೈನೈಡ್ ದಿಬ್ಬಗಳು ಬೂದು ಗುಡ್ಡದ ಹಾಗೆ ಕಾಣುತ್ತವೆ.

ಟಿಕೆಟ್ ವಿಷಯದಲ್ಲಿ ನಾನು ಮೋಸ ಹೋದೆ. ಮುಂದಿನ ಸಾಲು 1,200 ರೂಪಾಯಿ, ಹಿಂದಿನದು 500. ಅಪ್ಪ ಹತ್ತಿರದಿಂದ ನೋಡಲಿ ಅಂತ ಮುಂದಿನದೇ ತಗೊಂಡಿದ್ದೆ. ನಮ್ಮ ಸೀಟು ಸರಿಯಾಗಿ ಸ್ಪೀಕರ್ ಪಕ್ಕ. ಹಾಡುವವರ ದನಿ, ಪಿಯಾನೋ ಎರಡು ಬಿಟ್ಟರೆ ಬೇರೆ ಏನೂ ಸ್ಪಷ್ಟ ಇಲ್ಲ. ಟ್ರಂಪೆಟ್‌ಗಳ ಶಬ್ದ ನಮ್ಮ ತಲೆ ಮೇಲಿಂದ ಹೋಗಿ ಹಿಂದಿನವರಿಗೆ ತಲುಪುತ್ತಿತ್ತು. ಇಂಟರ್‌ವಲ್‌ನಲ್ಲಿ ಬಾಗಿಲ ಹತ್ತಿರ ಇದ್ದ ಹುಡುಗನನ್ನು ಕೇಳಿಕೊಂಡು ಹಿಂದೆ, ನಡುಮಧ್ಯಕ್ಕೆ ಹೋಗಿ ಕೂತೆವು. ನಿಜವಾದ ಕಛೇರಿ ಶುರುವಾಗಿದ್ದು ಆಮೇಲೆ. ಇಂಥ ಕಾರ್ಯಕ್ರಮಕ್ಕೆ ಹೋದರೆ ದಯವಿಟ್ಟು ಹಿಂದಿನ ಸಾಲಿನ ಟಿಕೆಟ್ಟೇ ತಗೊಳ್ಳಿ.

ಎದುರಿಗೆ 17 ಜನ. ಮುಂದೆ ಐದು ಸ್ಯಾಕ್ಸಫೋನ್, ಅದರ ಹಿಂದೆ ನಾಲ್ಕು ಟ್ರೊಂಬೋನ್, ಎಲ್ಲಕ್ಕಿಂತ ಮೇಲೆ ನಾಲ್ಕು ಟ್ರಂಪೆಟ್. ಪಕ್ಕದಲ್ಲಿ ಪಿಯಾನೋ, ಗಿಟಾರ್, ಆಳೆತ್ತರದ ಡಬಲ್ ಬಾಸ್, ಡ್ರಮ್ಸ್. ಅಮೆರಿಕದಲ್ಲಿ 1935ರಿಂದ ಹತ್ತು ಹನ್ನೆರಡು ವರ್ಷ ಯುವಕರನ್ನು ಕುಣಿಸಿದ್ದು ಇಂಥ ಬ್ಯಾಂಡ್‌ಗಳೇ. ಎಲಿಂಗ್ಟನ್ ತಮ್ಮ ಬ್ಯಾಂಡ್ ಕಟ್ಟಿಕೊಂಡು 1963ರಲ್ಲಿ ಭಾರತಕ್ಕೂ ಬಂದಿದ್ದರು. ಅದಕ್ಕೂ ಮೊದಲೇ ಚಿಕ್ ಚಾಕೊಲೆಟ್ ಅವರಂಥ ಗೋವಾದ ಕಲಾವಿದರು ಬಾಂಬೆ ಹೋಟೆಲುಗಳಲ್ಲಿ ಇದನ್ನು ನುಡಿಸಿ, ಹಿಂದಿ ಸಿನಿಮಾ ಹಾಡುಗಳಿಗೂ ತಂದರು. ಅಪ್ಪ ಮೆರವಣಿಗೆಯಲ್ಲಿ ಊದಿದ ಹಳೇ ಹಾಡುಗಳಲ್ಲಿ ಕೆಲವು ಈ ದಾರಿಯಲ್ಲೇ ನಮ್ಮೂರಿಗೆ ಬಂದವು. ಅವತ್ತು ಒಂದೆರಡು ಕಡೆ ‘ಇದು ನಂಗೊತ್ತು’ ಅಂತ ಅವರ ಬೆರಳು ತೊಡೆ ಮೇಲೆ ವಾಲ್ವ್ ಒತ್ತುವ ಹಾಗೆ ಆಡುತ್ತಿತ್ತು.

ಫೋನಲ್ಲಿ ಕೇಳುವಾಗ ಒಂದು ವಿಷಯ ಗೊತ್ತೇ ಆಗಲ್ಲ. ಈ ಬ್ಯಾಂಡ್ ಎಷ್ಟು ಮೆಲ್ಲಗೆ ನುಡಿಸಬಲ್ಲದು ಅನ್ನೋದು. ಸ್ಯಾಕ್ಸಫೋನಿನ ಐವರು ಪಿಸುಮಾತಿನಷ್ಟು ಸಣ್ಣಗೆ ಒಂದು ಸಾಲು ನುಡಿಸುತ್ತಾರೆ. ಹಾಲ್‌ನಲ್ಲಿ ಫ್ಯಾನ್ ಸದ್ದು ಕೇಳುತ್ತೆ. ಅವರ ಹಿಂದೆ ಕೂತ ವಾದಕರು ಒಂದೇ ಒಂದು ಸ್ವರದಲ್ಲಿ ಉತ್ತರ ಕೊಡುತ್ತಾರೆ. ಸೋಬಾನೆಯಲ್ಲಿ ಒಬ್ಬರು ಎತ್ತಿಕೊಟ್ಟು ಉಳಿದವರು ಸೊಲ್ಲು ಹಿಡಿಯುವುದಿಲ್ವಾ, ಹಾಗೆ. ಹೀಗೇ ಮಾತಾಡಿಕೊಳ್ಳುತ್ತಾ ಹೋಗಿ, ಕೊನೆಗೆ ಟ್ರಂಪೆಟ್‌ನ ನಾಲ್ವರೂ ಎದ್ದು ನಿಂತು ಊದಿದಾಗ ಎದೆಗೆ ಯಾರೋ ಅಂಗೈ ಇಟ್ಟು ತಳ್ಳಿದ ಹಾಗಾಯಿತು. ಮರದ ನೆಲ. ಡಬಲ್ ಬಾಸಿನ ಒಂದೊಂದು ಪೆಟ್ಟೂ ಚಪ್ಪಲಿ ಮೂಲಕ ಅಂಗಾಲಿಗೆ ಬರುತ್ತಿತ್ತು. ನನ್ನ ಕಣ್ಣು ತುಂಬಿತ್ತು.

ಅಪ್ಪ ನೋಡುತ್ತಿದ್ದದ್ದು ಬೇರೆಯದನ್ನ. ಮೂರನೇ ಟ್ರಂಪೆಟ್‌ನವರು ಎದುರಿನ ಹಾಳೆ ನೋಡುತ್ತಾ, ವಾದ್ಯ ಮಡಿಲಲ್ಲಿಟ್ಟುಕೊಂಡು, ತುಟಿಯಲ್ಲೇ ಲೆಕ್ಕ ಹಾಕುತ್ತಾ ಕೂತಿದ್ದರು. ‘ನಾವೆಲ್ಲ ಒಂದೇ ಹಾಡನ್ನ ಒಟ್ಟಿಗೆ ಊದ್ತಿದ್ವಿ ಕಣಮ್ಮ. ಇವರು ಸುಮ್ನಿರೋದನ್ನೂ ಬರೆದಿಟ್ಕೊಂಡಿದ್ದಾರೆ ನೋಡು’ ಅಂದರು. ಸಿಂಕ್ ಕಟ್ಟಿಕೊಂಡಾಗ ಒತ್ತುತ್ತೀವಲ್ಲ, ಆ ಥರದ ರಬ್ಬರ್ ಬಟ್ಟಲನ್ನು ಒಬ್ಬರು ಟ್ರಂಪೆಟ್ ಬಾಯಿಗೆ ಅಡ್ಡ ಹಿಡಿದು ತೆಗೆದು ಮಾಡಿದರು. ವಾದ್ಯ ಹಟ ಮಾಡುವ ಮಗುವಿನ ಹಾಗೆ ಮಾತಾಡಿತು. ಅಪ್ಪ ಸೀಟಿಂದ ಅರ್ಧ ಎದ್ದೇಬಿಟ್ಟರು.

ಚಪ್ಪಾಳೆ ಬಗ್ಗೆ ಒಂದು ಮಾತು. ನಮಗೆ ಆದಿತಾಳ ಅಭ್ಯಾಸ, ಕೈ ತಾನಾಗೇ ಒಂದನೇ ಎಣಿಕೆಗೆ ಹೋಗುತ್ತೆ. ಇಲ್ಲಿ ನಾಲ್ಕು ಎಣಿಸಿದರೆ ಎರಡು ಮತ್ತು ನಾಲ್ಕರ ಮೇಲೆ ತಟ್ಟಬೇಕು. ಡ್ರಮ್ಸ್‌ನವರ ಎಡಗಾಲ ಕೆಳಗಿನ ಜೋಡಿ ತಾಳ ಮುಚ್ಚುವುದು ಅಲ್ಲೇ, ಅದನ್ನೇ ನೋಡುತ್ತಿರಿ. ನಡೆಯೂ ಸಮ ಅಲ್ಲ. ಉದ್ದ, ಗಿಡ್ಡ, ಉದ್ದ, ಗಿಡ್ಡ, ಜಟಕಾ ಕುದುರೆ ಹೆಜ್ಜೆಯ ಹಾಗೆ. ಇದು ಮೈಗೆ ಹತ್ತಿದ ಮೇಲೆ ಸುಮ್ನೆ ಕೂರೋಕೆ ಆಗಲ್ಲ. ಒಬ್ಬರು ಎದ್ದು ಒಂಟಿಯಾಗಿ ನುಡಿಸಿ ಮುಗಿಸಿದರೆ ಹಾಡಿನ ಮಧ್ಯದಲ್ಲೇ ಚಪ್ಪಾಳೆ ಹೊಡೆಯಬಹುದು, ಯಾರೂ ಏನೂ ಅಂದುಕೊಳ್ಳಲ್ಲ.

ನಮ್ಮ ಪಕ್ಕ ಎಪ್ಪತ್ತು ದಾಟಿದ ಒಬ್ಬ ಆಂಗ್ಲೋ ಇಂಡಿಯನ್ ಆಂಟಿ ಕೂತಿದ್ದರು. ಇಂಗ್ಲಿಷು, ತಮಿಳು, ಕನ್ನಡ ಮೂರೂ ಕಲೆಸಿ ಮಾತಾಡುತ್ತಿದ್ದರು. ಕೊನೆಯ ಅರ್ಧ ಗಂಟೆಗೆ ಬಟ್ಟೆ ಚೀಲದಿಂದ ನಯವಾದ ಚರ್ಮದ ಅಟ್ಟೆಯ ಒಂದು ಜೊತೆ ಶೂ ತೆಗೆದು, ಚಪ್ಪಲಿ ಬಿಚ್ಚಿ ಹಾಕಿಕೊಂಡರು. ‘ರಬ್ಬರ್ ಅಟ್ಟೆಯಲ್ಲಿ ಕಾಲು ತಿರುಗಲ್ಲಮ್ಮ’ ಅಂದರು. ಗಂಡನ ಕೈ ಹಿಡಿದು ಹೋಗಿ ಎರಡು ಹಾಡಿಗೆ ಕುಣಿದರು. ಕುಣಿಯೋ ಆಸೆ ಇದ್ದರೆ ಅಂಥದ್ದೊಂದು ಜೊತೆ ಶೂ ಇಟ್ಟುಕೊಳ್ಳಿ.

ರೂಮಿನದ್ದು ಇನ್ನೊಂದು ಕಥೆ. ಫೋನಲ್ಲಿ 900 ಅಂದಿದ್ದ ಲಾಡ್ಜಿನವರು ರಾತ್ರಿ ಹತ್ತೂವರೆಗೆ ಹೋದಾಗ ‘ಇವತ್ತು ಪ್ರೋಗ್ರಾಂ ಇದೆಯಲ್ಲ’ ಅಂತ 1,800 ಕೇಳಿದರು. ಆ ಹೊತ್ತಿಗೆ ಅಪ್ಪನನ್ನು ಕರೆದುಕೊಂಡು ಎಲ್ಲಿಗೆ ಹೋಗಲಿ? ಕೊಟ್ಟೆ. ಡಿಸೆಂಬರ್ ಚಳಿಯಲ್ಲಿ ಬಿಸಿನೀರೂ ಇಲ್ಲ. ಬೆಳಕಿರುವಾಗಲೇ ಹೋಗಿ, ದುಡ್ಡು ಕಟ್ಟಿ, ಬೀಗದ ಕೈ ತಗೊಂಡು ಆಮೇಲೆ ಹಾಲ್‌ಗೆ ಹೋಗಿ. ಹೆಂಗಸರಿಗೆ ಇನ್ನೊಂದು ಮಾತು: ಹಾಲ್‌ನಲ್ಲಿ ಇದ್ದದ್ದು ಒಂದೇ ಟಾಯ್ಲೆಟ್, ಇಂಟರ್‌ವಲ್‌ಗೆ ಐದು ನಿಮಿಷ ಮೊದಲೇ ಎದ್ದರೆ ಒಳ್ಳೇದು. ಸ್ವೆಟರ್ ಮರೆಯಬೇಡಿ.

ವಾಪಸ್ ಬರುವಾಗ ಮಾರಿಕುಪ್ಪಂಗೇ ಹೋಗಿ ರೈಲು ಹತ್ತಿದೆವು. ಅಲ್ಲಿಂದಲೇ ಹೊರಡುವುದರಿಂದ ಕಿಟಕಿ ಪಕ್ಕದ ಸೀಟು ಆರಾಮಾಗಿ ಸಿಕ್ಕಿತು. ಅಪ್ಪ ಕಿಟಕಿ ಕಂಬಿಯ ಮೇಲೆ ಎರಡು, ನಾಲ್ಕು ಅಂತ ಬೆರಳು ತಟ್ಟುತ್ತಾ ಬಂದರು. ಬಂಗಾರಪೇಟೆಯಲ್ಲಿ ಇಳಿದು ನೋಡಿದರೆ ನಾವು ತಿಂದ ಗಾಡಿ ಇರಲಿಲ್ಲ. ಸಂಜೆ ಮೇಲೆ ಬರುತ್ತೆ ಅಂದರು. ಪಾನಿಪುರಿ ತಿನ್ನಬೇಕಾದರೆ ಹೋಗುವಾಗಲೇ ತಿಂದುಬಿಡಿ.